ಪಾದ್ರಿಗೂ ವೈದ್ಯನಿಗೂ ನಡುವೆ ಹತ್ತು ದಿನ

ಹಳೆಯ ಕಾಗದಪತ್ರಗಳ ಕೆಲಸಕ್ಕೆ ಸೇರುವ ಹೊಸಬರು ನನ್ನನ್ನು ಮೊದಲು ಕೇಳುವುದು ಬಿಳಿ ಕೈಗವಸಿನ ವಿಚಾರ. ಟೀವಿಯಲ್ಲಿ ಹಾಗೆ ತೋರಿಸುತ್ತಾರಂತೆ. ಕೈಗವಸು ಹಾಕಿಕೊಂಡು ಮುನ್ನೂರು ವರ್ಷದ ಕಾಗದ ತಿರುವಿದರೆ ಅಂಚು ಹರಿಯುತ್ತದೆ, ಬೆರಳಿಗೆ ಕಾಗದದ ದಪ್ಪವೇ ತಿಳಿಯುವುದಿಲ್ಲ. ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಕೂತರೆ ಸಾಕು. ಇಷ್ಟು ಹೇಳುವಷ್ಟರಲ್ಲಿ ಅವರ ಮುಖ ಸಪ್ಪಗಾಗಿರುತ್ತದೆ. ಈ ಕೆಲಸಕ್ಕೆ ಇದ್ದ ಒಂದೇ ಒಂದು ಗತ್ತನ್ನೂ ನಾನು ಕಿತ್ತುಕೊಂಡೆ ಅಂತ ಬೇಜಾರು. ಒಂದನ್ನು ಕಿತ್ತುಕೊಂಡ ಮೇಲೆ ಉಳಿದದ್ದನ್ನೂ ಹೇಳಿಬಿಡುವುದೇ ವಾಸಿ.

ನಾನು ಮೈಸೂರಿನವಳು, ಹೆಸರು ಶಹನಾಜ್. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ, ಟೈರು ಅಂಗಡಿ ಇಟ್ಟಿದ್ದ ನಮ್ಮ ಯಜಮಾನರ ಹಿಂದೆ ಸಮುದ್ರ ದಾಟಿ ಬೇ ಏರಿಯಾದ ಕ್ಯಾಂಪ್‌ಬೆಲ್‌ಗೆ ಬಂದು ಬಿದ್ದೆ. ಹತ್ತಿರದ ಗುಡ್ಡದ ಮೇಲೆ ಒಂದು ಖಾಸಗಿ ಗ್ರಂಥಾಲಯ. ಯಾರೋ ಸಿರಿವಂತರು ಯೂರೋಪಿನಿಂದ ಪೆಟ್ಟಿಗೆ ಪೆಟ್ಟಿಗೆ ಹಳೆಯ ಪತ್ರಗಳನ್ನು ಕೊಂಡು ತಂದು ಇಟ್ಟಿದ್ದರು. ಗಿಡ, ಹುಳ, ಕಪ್ಪೆಚಿಪ್ಪುಗಳ ಹುಚ್ಚು ಹಿಡಿದ ಹದಿನೇಳನೇ ಶತಮಾನದ ಪಂಡಿತರು ಒಬ್ಬರಿಗೊಬ್ಬರು ಬರೆದುಕೊಂಡ ಪತ್ರಗಳು ಅವು. ಅವನ್ನು ಓದಿ, ವಿಂಗಡಿಸಿ, ಯಾರು ಯಾರಿಗೆ ಯಾವಾಗ ಬರೆದರು ಎಂದು ನಮೂದಿಸುವ ಕೆಲಸ ನನ್ನದು. ಸಂದರ್ಶನದಲ್ಲಿ ಒಂದು ಹಾಳೆ ಮುಂದಿಟ್ಟು ಓದಿ ಅಂದರು. ಗಿಡಗಳ ಲ್ಯಾಟಿನ್ ಹೆಸರು ನನಗೆ ಗೊತ್ತಿದ್ದವು. ಅಕ್ಷರ ಮಾತ್ರ ಇರುವೆ ಶಾಯಿಗೆ ಬಿದ್ದು ಎದ್ದು ಓಡಿದ ಹಾಗಿತ್ತು. ಆದರೆ ಮೈಸೂರಿನಲ್ಲಿ ನಮ್ಮ ಡಾಕ್ಟರ ಔಷಧಿ ಚೀಟಿ ಓದಿ ಬೆಳೆದವಳು ನಾನು, ಹೆದರಲಿಲ್ಲ.

ಆ ಪಂಡಿತರ ಬಗ್ಗೆ ನಿಮಗೆ ಭಯಭಕ್ತಿ ಇದ್ದರೆ ಒಂದು ವಾರ ಅವರ ಪತ್ರ ಓದಿ, ಇಳಿಯುತ್ತದೆ. ಪತ್ರದ ಅರ್ಧ ಭಾಗ ತಡವಾಗಿ ಉತ್ತರಿಸಿದ್ದಕ್ಕೆ ಕ್ಷಮಾಪಣೆ. ಕಾರಣ ಯಾವಾಗಲೂ ಹೊಟ್ಟೆನೋವು. ಅಲ್ಲಿಂದ ಮುಂದೆ ಹೊಗಳಿಕೆ, ಅದರ ಹಿಂದೆಯೇ ಬೇಡಿಕೆ: ಆ ಬೀಜ ಕಳಿಸಿ, ಈ ಚಿಪ್ಪು ಕಳಿಸಿ, ಹೋದ ಸಲ ಕಳಿಸಿದ್ದು ಇಲಿ ತಿಂದಿತ್ತು. ಸಹಿ ಹಾಕಿದ ಮೇಲೆ ನೆನಪಾಗಿ, ಅಂಚಿನಲ್ಲಿ ಜಾಗ ಹುಡುಕಿ, ವಿಜ್ಞಾನ. ಇವರ ಸಾಮಾನು ಹೋಗುತ್ತಿದ್ದದ್ದೂ ಅಂಚೆಯಲ್ಲಲ್ಲ, ಆ ಕಡೆಗೆ ಹೊರಟ ಯಾವನೋ ರೇಷ್ಮೆ ವ್ಯಾಪಾರಿಯ ಮೂಟೆಯಲ್ಲಿ. ಬೇ ಏರಿಯಾದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾರಾದರೂ ಬೆಂಗಳೂರಿಗೆ ಹೊರಟಿದ್ದಾರೆ ಅಂತ ಸುದ್ದಿ ಹಬ್ಬಿದರೆ ಸಾಕು, ಅವರ ಮನೆ ಬಾಗಿಲಿಗೆ ವಿಟಮಿನ್ ಮಾತ್ರೆಯ ಡಬ್ಬಿಗಳು ಬಂದು ಬೀಳುತ್ತವೆ. ವಾಪಸು ಬರುವಾಗ ಅದೇ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ.

ನಮ್ಮ ಮುಖ್ಯಸ್ಥರು ವಿಟ್‌ಫೀಲ್ಡ್. ಇಂಗ್ಲೆಂಡಿನ ಒಬ್ಬ ಪಾದ್ರಿಯ ಮಗ, ಅವರ ಪ್ರೀತಿಯೂ ಒಬ್ಬ ಪಾದ್ರಿಯ ಮೇಲೇ. ಆ ಪಾದ್ರಿಯ ಹೆಸರು ಥಾರ್ನ್, ನಮ್ಮ ಪತ್ರಗಳ ಕಾಲದವನು, ಹಳ್ಳಿಯ ಚರ್ಚಿನಲ್ಲಿ ಇದ್ದುಕೊಂಡು ಕೀಟ ಸಾಕುತ್ತಿದ್ದವನು. ಅವನಿಗೆ ಇಟಲಿಯಲ್ಲಿ ಬೆಲ್ಲೂಚಿ ಎಂಬ ವೈದ್ಯನ ಪತ್ರಸ್ನೇಹ. ಇಬ್ಬರೂ ಜನ್ಮದಲ್ಲಿ ಮುಖ ನೋಡಿಕೊಂಡವರಲ್ಲ, ಬರೆದದ್ದು ಮಾತ್ರ ಜೀವಮಾನವಿಡೀ. ಈ ಪತ್ರಗಳನ್ನೆಲ್ಲ ಸಂಪುಟಗಳಾಗಿ ಅಚ್ಚು ಹಾಕಿಸುವುದು ವಿಟ್‌ಫೀಲ್ಡರ ಬದುಕಿನ ಕೆಲಸ. ಕೊನೆಯ ಸಂಪುಟವೊಂದು ಬಾಕಿ ಇತ್ತು.

ಇಲ್ಲೊಂದು ತಮಾಷೆ ಇದೆ, ಹೊಸಬರು ಯಾವಾಗಲೂ ಎಡವುವುದು ಇಲ್ಲೇ. ಪತ್ರ ಬರೆದವನ ಮನೆಯಲ್ಲಿ ಅವನ ಪತ್ರ ಇರುವುದಿಲ್ಲ, ಓದಿದವನ ಮನೆಯಲ್ಲಿ ಇರುತ್ತದೆ. ನಾವು ಕೊಂಡಿದ್ದು ಪಾದ್ರಿಯ ಪೆಟ್ಟಿಗೆ, ಹಾಗಾಗಿ ನಮ್ಮಲ್ಲಿ ಇದ್ದದ್ದೆಲ್ಲ ಇಟಲಿಯ ವೈದ್ಯನ ಪತ್ರ. ಪಾದ್ರಿಯ ಪತ್ರಗಳು ಇಟಲಿಯ ಒಂದು ಪಟ್ಟಣದ ಗ್ರಂಥಾಲಯದಲ್ಲಿ, ಪ್ರೊಫೆಸರ್ ದೋನಾತಿ ಎಂಬ ಮಹಿಳೆಯ ಸುಪರ್ದಿನಲ್ಲಿ. ಆಕೆಗೆ ವೈದ್ಯ ಬೆಲ್ಲೂಚಿ ಅಂದರೆ ಪ್ರಾಣ. ಹೀಗೆ ಪಾದ್ರಿಯ ಭಕ್ತರು ವೈದ್ಯನ ಪತ್ರ ಕಾಯುತ್ತಿದ್ದರು, ವೈದ್ಯನ ಭಕ್ತೆ ಪಾದ್ರಿಯ ಪತ್ರ ಕಾಯುತ್ತಿದ್ದರು. ದಶಕಗಳಿಂದ ಇವರಿಬ್ಬರೂ ಅಂಚೆಯಲ್ಲಿ ನಕಲುಗಳನ್ನು ಅದಲುಬದಲು ಮಾಡಿಕೊಂಡು ಬಂದಿದ್ದರು. ಅವರೂ ಮುಖ ನೋಡಿಕೊಂಡವರಲ್ಲ. ಪಾದ್ರಿಯ ಕೊನೆಯ ವರ್ಷಗಳ ಒಂದು ಕಟ್ಟು ಮಾತ್ರ ಆಕೆಯಿಂದ ಬರಬೇಕಾಗಿತ್ತು.

ವಿಟ್‌ಫೀಲ್ಡ್ ಕೋಪಿಷ್ಠರು. ದೋನಾತಿಯವರ ಪ್ರತಿ ಪತ್ರಕ್ಕೂ ಕೆಂಡ ಕಾರುವ ಉತ್ತರ ಹೇಳಿ ನನ್ನ ಕೈಲಿ ಟೈಪು ಮಾಡಿಸುತ್ತಿದ್ದರು. ನಾನು ಅದನ್ನು ಅಂಚೆಗೆ ಹಾಕದೆ ಕಪಾಟಿನ ಮೇಲಿನ ಒಂದು ಟ್ರೇಯಲ್ಲಿ ಇಡುತ್ತಿದ್ದೆ. ಅದಕ್ಕೆ ನಾನಿಟ್ಟ ಹೆಸರು ಮಜ್ಜಿಗೆ ಟ್ರೇ. ಎರಡು ದಿನ ಬಿಟ್ಟು ಅವರೇ ಬಂದು, “ಶಹನಾಜ್, ಆ ಪತ್ರ ಹೊರಟುಹೋಯಿತಾ?” ಎಂದು ಮೆಲ್ಲಗೆ ಕೇಳುತ್ತಿದ್ದರು. ಇಲ್ಲ ಸಾರ್ ಅಂದರೆ ಮುಖ ಅರಳುತ್ತಿತ್ತು. ‘ಮೂರ್ಖತನ’ ಇದ್ದ ಕಡೆ ‘ಭಿನ್ನಾಭಿಪ್ರಾಯ’ ಬರುತ್ತಿತ್ತು, ಪತ್ರ ಇಟಲಿಗೆ ಹೋಗುತ್ತಿತ್ತು, ಸ್ನೇಹ ಉಳಿಯುತ್ತಿತ್ತು. ನನ್ನ ಇಡೀ ವೃತ್ತಿಜೀವನದಲ್ಲಿ ವಿದ್ವತ್ತಿಗೆ ನಾನು ಸಲ್ಲಿಸಿದ ದೊಡ್ಡ ಸೇವೆ ಆ ಟ್ರೇ.

ಆ ಹೊತ್ತಿಗೆ ಅವರ ಕಣ್ಣು ಕೈಕೊಡತೊಡಗಿತ್ತು. ಕಣ್ಣಿನ ನಡುಭಾಗ ಮಸುಕಾಗುತ್ತಾ ಹೋಗುವ ಕಾಯಿಲೆ. ಡಾಕ್ಟರು ನಿಲ್ಲಿಸಲಾಗುವುದಿಲ್ಲ ಎಂದುಬಿಟ್ಟಿದ್ದರು. ಓದುವ ಶಕ್ತಿ ಪೂರ್ತಿ ಹೋಗುವುದರೊಳಗೆ ಕೊನೆಯ ಸಂಪುಟ ಮುಗಿಯಬೇಕು ಎಂಬುದೊಂದೇ ಅವರ ಹಂಬಲ. ಇಟಲಿಗೆ ಈ ವಿಷಯ ತಿಳಿಯಬಾರದೆಂದು ನನಗೆ ಕಟ್ಟುನಿಟ್ಟಾಗಿ ಹೇಳಿದ್ದರು. ದೋನಾತಿಯವರ ಕನಿಕರ ಅವರಿಗೆ ಬೇಕಿರಲಿಲ್ಲ.

ಅಷ್ಟರಲ್ಲಿ ಡಾಟ್‌ಕಾಮ್ ಗಾಳಿ ಬೀಸಿತು. ಆಗ ಇಲ್ಲಿ ನಾಯಿ ಬಿಸ್ಕತ್ತನ್ನೂ ವೆಬ್‌ಸೈಟಿಗೆ ಏರಿಸಿ ಕೋಟ್ಯಧೀಶರಾಗುತ್ತಿದ್ದ ಕಾಲ. ಪಂಡಿತರ ಪತ್ರಗಳನ್ನು ಏಕೆ ಬಿಡಬೇಕು? ನಮ್ಮ ಟ್ರಸ್ಟಿಗಳು ಒಂದು ಸ್ಟಾರ್ಟಪ್ಪಿನ ಜತೆ ಒಪ್ಪಂದ ಮಾಡಿಕೊಂಡರು. ಫ್ರೀವೇ ಪಕ್ಕದ ಅವರ ಆಫೀಸಿಗೆ ಹೋದರೆ ಕುರ್ಚಿಗಳೇ ಇಲ್ಲ, ಮೆತ್ತನೆಯ ಮೂಟೆಗಳು. ಸೀರೆ ಉಟ್ಟುಕೊಂಡು ಅದರೊಳಗೆ ಕೂತವಳಿಗೆ ಮೀಟಿಂಗು ಮುಗಿದ ಮೇಲೆ ಏಳಲಿಕ್ಕೆ ಇಬ್ಬರ ಕೈ ಬೇಕಾಯಿತು. ಕೈ ಕೊಟ್ಟವರಲ್ಲಿ ಒಬ್ಬ ಕನ್ನಡದವನು, ಜಯನಗರದ ರಘು, ನಮ್ಮ ಪತ್ರಗಳ ಡೇಟಾಬೇಸು ಕಟ್ಟುವ ಇಂಜಿನಿಯರು.

“ಹುಷಾರು ಆಂಟಿ, ನಿಧಾನ,” ಅಂದ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನಿರಬಹುದು. ಆಂಟಿ ಅಂದ ದಿನವೇ ಅವನ ಸಾಫ್ಟ್‌ವೇರಿನ ಮೇಲೆ ನನಗೆ ಅನುಮಾನ ಬಂತು.

ಅನುಮಾನ ಸುಳ್ಳಾಗಲಿಲ್ಲ. ಒಂದು ದಿನ ಫೋನು ಮಾಡಿದ. “ಆಂಟಿ, ನಿಮ್ ಡೇಟಾ ಪೂರ್ತಿ ಎಕ್ಕುಟ್ಟೋಗಿದೆ. ಇಟಲಿಯೋನು ಪತ್ರ ಬರೆಯೋಕೆ ಮುಂಚೇನೇ ಇಂಗ್ಲೆಂಡಿನೋನು ರಿಪ್ಲೈ ಮಾಡ್ಬಿಟ್ಟಿದಾನೆ. ಪಾದ್ರಿಗೇನು ದಿವ್ಯದೃಷ್ಟಿ ಇತ್ತಾ?”

“ನಿಮ್ಮನೇಲಿ ಹಬ್ಬ ಯಾವತ್ತು ಮಾಡ್ತೀರಪ್ಪ?” ಎಂದು ಕೇಳಿದೆ.

“ಅಯ್ಯೋ, ಅದೊಂದು ಕೇಳ್ಬೇಡಿ. ಅಮ್ಮ ಊರಿಂದ ಫೋನ್ ಮಾಡಿ ಇವತ್ತು ಅಂತಾರೆ. ಲಿವರ್‌ಮೋರ್ ದೇವಸ್ಥಾನದೋರು ನಿನ್ನೇನೇ ಮುಗಿಸಿರ್ತಾರೆ. ನನ್ ಹೆಂಡ್ತಿ ಇಬ್ರೂ ಬೇಡ, ವೀಕೆಂಡ್ ಮಾಡೋಣ ಅಂತಾಳೆ.”

“ನಮ್ಮನೇಲೂ ಅದೇ ಕಥೆ. ನಮ್ಮೆಜಮಾನ್ರು ಬಾಲ್ಕನೀಲಿ ನಿಂತ್ಕೊಂಡು ಚಂದ್ರ ಕಾಣ್ಲಿಲ್ಲ ಅಂತಾರೆ, ಅವರ ತಮ್ಮ ಬೇರೆ ಮಸೀದಿ ಲೆಕ್ಕ ಹಿಡ್ಕೊಂಡು ಆಗ್ಲೇ ಬಿರಿಯಾನಿ ತಿಂದಿರ್ತಾರೆ. ಆವಾಗ ಇಂಗ್ಲೆಂಡಿಗೂ ಇಟಲಿಗೂ ಹಿಂಗೇ ಇತ್ತು ಕಣೋ. ಪೋಪು ಹೊಸ ಪಂಚಾಂಗ ತಂದ್ರೆ ನಾವ್ಯಾಕೆ ಕೇಳ್ಬೇಕು ಅಂತ ಇಂಗ್ಲಿಷಿನೋರು ಹಳೇದನ್ನೇ ಇಟ್ಕೊಂಡ್ರು. ಇಟಲೀಲಿ ಹನ್ನೊಂದನೇ ತಾರೀಖು ಅಂದ್ರೆ ಇಂಗ್ಲೆಂಡಲ್ಲಿ ಇನ್ನೂ ಒಂದನೇ ತಾರೀಖು.”

“ಹತ್ ದಿನ ಡಿಫರೆನ್ಸು! ಅಷ್ಟೇನಾ? ಇಂಗ್ಲೆಂಡಿಂದು ಎಲ್ಲಾದಕ್ಕೂ ಹತ್ತು ಕೂಡಿಸ್ಬಿಡ್ತೀನಿ. ಒಂದು ಲೈನ್ ಕೋಡು ಆಂಟಿ,” ಎಂದು ಹೇಳಿ, ಮಗಳನ್ನು ಡೇಕೇರಿನಿಂದ ಕರೆತರಲು ಓಡಿದ.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ತಲೆ ತಿರುಗಿ ಬೀಳುತ್ತವೆ ಎಂದು ಊರಿಗೆ ಊರೇ ನಡುಗುತ್ತಿದ್ದಾಗ ನಾವಿಬ್ಬರು ಹಳೆಯ ಇಸವಿಗಳನ್ನು ರಿಪೇರಿ ಮಾಡುತ್ತಿದ್ದೆವು. ಕೆಲಸ ಚೆನ್ನಾಗಿಯೇ ಆಯಿತು. ಪತ್ರಗಳೆಲ್ಲ ಒಂದು ಉದ್ದ ಗೆರೆಯ ಮೇಲೆ ಬಣ್ಣದ ಚುಕ್ಕಿಗಳಾಗಿ ಕೂತವು, ಪಾದ್ರಿಗೆ ನೀಲಿ, ವೈದ್ಯನಿಗೆ ಕೆಂಪು. ಟ್ರಸ್ಟಿಗಳು ಚಪ್ಪಾಳೆ ಹೊಡೆದರು.

ಎಡವಟ್ಟಾದದ್ದು ಒಂದು ನೀಲಿ, ಒಂದು ಕೆಂಪು ಚುಕ್ಕಿಯಿಂದ. ನಮ್ಮ ಹೊಂಗೆ ಎಲೆಯ ಮೇಲೆ ಗಂಟುಗಳು ಏಳುತ್ತವಲ್ಲ, ಓಕ್ ಮರದ ಎಲೆಗೂ ಹಾಗೆ ಏಳುತ್ತವೆ. ಒಳಗೆ ಹುಳ ಇರುತ್ತದೆ. ಗಿಡವೇ ಹುಳವನ್ನು ಹೆರುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಅದು ಸುಳ್ಳು, ನೊಣದಂಥ ಒಂದು ಕೀಟ ಬಂದು ಮೊಟ್ಟೆ ಇಡುತ್ತದೆ, ನಾನು ಕಣ್ಣಾರೆ ಕಂಡೆ ಎಂದು ಪಾದ್ರಿಯೂ ಬರೆದಿದ್ದ, ವೈದ್ಯನೂ ಬರೆದಿದ್ದ. ಒಂದೇ ವರ್ಷ, ಒಂದೇ ಮೇ ತಿಂಗಳು. ಯಾರು ಮೊದಲು? ಯಾರು ಯಾರಿಂದ ಕದ್ದರು? ನಮ್ಮ ಇಬ್ಬರು ವಿದ್ವಾಂಸರು ಇಷ್ಟು ವರ್ಷ “ಸುಮಾರು ಅದೇ ಹೊತ್ತಿಗೆ” ಎಂದು ಬರೆದು ಜಾಣತನದಿಂದ ಪಾರಾಗಿದ್ದರು. ಕಂಪ್ಯೂಟರಿಗೆ ಆ ದಾಕ್ಷಿಣ್ಯ ಇಲ್ಲ. ಕೆಂಪು ಚುಕ್ಕಿ ಮೊದಲು ಬಂತು. ಎರಡು ವಾರ ಕಳೆದು, ಅಂದರೆ ಚುರುಕಾದ ಒಂದು ಅಂಚೆ ಇಟಲಿಯಿಂದ ಇಂಗ್ಲೆಂಡಿಗೆ ತಲುಪುವಷ್ಟು ಹೊತ್ತು ಬಿಟ್ಟು, ನೀಲಿ ಚುಕ್ಕಿ. ಇಡೀ ಜಗತ್ತಿನ ಮುಂದೆ ವಿಟ್‌ಫೀಲ್ಡರ ಪಾದ್ರಿ ಕಳ್ಳನಾಗಿ ನಿಂತ.

ದೋನಾತಿಯವರಿಂದ ಈಮೇಲು ಬಂತು. “ನಾನು ಸೌಜನ್ಯದಿಂದ ಹೇಳದೆ ಉಳಿದಿದ್ದನ್ನು ನಿಮ್ಮ ಯಂತ್ರವೇ ಹೇಳಿತು. ಅದಕ್ಕೆ ನನ್ನ ಅಭಿನಂದನೆ.”

ನಾನು ಆ ದಿನ ದಂತವೈದ್ಯರ ಹತ್ತಿರ ಹೋಗಿದ್ದೆ. ರಘು ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟಿದ್ದರಿಂದ ವಿಟ್‌ಫೀಲ್ಡ್ ಸ್ವತಃ ಓದಿದರು, ಸ್ವತಃ ಉತ್ತರ ಬರೆದರು, ಸ್ವತಃ ಗುಂಡಿ ಒತ್ತಿದರು. ಏನು ಬರೆದರೆಂದು ಇಲ್ಲಿ ಹೇಳುವುದಿಲ್ಲ. ಇಟಲಿಯ ವೈದ್ಯರ ಇಡೀ ಕುಲದ ಮಾತು ಅದರಲ್ಲಿ ಬಂದಿತ್ತು. ಕಾಫಿ ಆರುವುದರೊಳಗೆ ಆಕೆಯ ಉತ್ತರ ಬಂತು: ನಮ್ಮ ನಡುವಿನ ಕೆಲಸ ಮುಗಿಯಿತು, ಉಳಿದ ಕಟ್ಟು ಬರುವುದಿಲ್ಲ.

ಮಾರನೆಯ ದಿನ ಅವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. “ಬರೆದದ್ದು ತಕ್ಷಣ ಹೋಗಿಬಿಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ,” ಎಂದರು. ನಗು ಬರಬೇಕಾದ ಮಾತು. ಬರಲಿಲ್ಲ. ಆ ಕಟ್ಟು ಇಲ್ಲದೆ ಸಂಪುಟ ಇಲ್ಲ, ಇನ್ನೊಂದು ವರ್ಷ ಕಳೆದರೆ ಇವರ ಕಣ್ಣಿಲ್ಲ.

ಕ್ಷಮಾಪಣೆಯ ಪತ್ರ ಬರೆದೆವು. ಉತ್ತರ ಇಲ್ಲ. ಇನ್ನೊಂದು ಬರೆದೆವು. ಇಲ್ಲ. ರಘು ಬಂದು ನನ್ನ ಮೇಜಿನ ಮುಂದೆ ಅಪರಾಧಿಯ ಹಾಗೆ ನಿಂತ. “ಆ ಎರಡು ಚುಕ್ಕಿ ಡಿಲೀಟ್ ಮಾಡ್ಬಿಡ್ಲಾ ಆಂಟಿ? ಯಾರಿಗೂ ಗೊತ್ತಾಗಲ್ಲ.” “ಬೇಡಪ್ಪ, ಸುಮ್ನಿರು,” ಅಂದೆ.

ಕೆಲಸ ಮಾತ್ರ ನಡೆಯಲೇಬೇಕಲ್ಲ. ಸ್ಕ್ಯಾನ್ ಮಾಡಿದ ಚಿತ್ರಕ್ಕೂ ಹಳೆಯ ಟೈಪು ಪ್ರತಿಗೂ ತಾಳೆ ನೋಡುವುದು ಬಾಕಿ ಇತ್ತು. ವಿಟ್‌ಫೀಲ್ಡರಿಗೆ ಮೂಲದ ಅಕ್ಷರ ಕಾಣುತ್ತಿರಲಿಲ್ಲವಾದ್ದರಿಂದ ನಾನು ಜೋರಾಗಿ ಓದುವುದು, ಅವರು ದೊಡ್ಡಕ್ಷರದ ತಮ್ಮ ಟೈಪು ಪ್ರತಿಯಲ್ಲಿ ಬೆರಳಿಟ್ಟು ಅನುಸರಿಸುವುದು. ಪತ್ರದಲ್ಲಿನ ಹೊಗಳಿಕೆ, ಹೊಟ್ಟೆನೋವು, ಮನೆವಾರ್ತೆಯನ್ನೆಲ್ಲ ಅವರು ತರುಣರಾಗಿದ್ದಾಗಲೇ ಕತ್ತರಿಸಿ, ಆ ಜಾಗದಲ್ಲಿ ಸಾಲಾಗಿ ಮೂರು ಚುಕ್ಕಿ ಇಟ್ಟಿದ್ದರು. ಆಗಿನ ಪದ್ಧತಿ ಹಾಗೆ. ವಿಜ್ಞಾನ ಇಟ್ಟುಕೊಂಡು ಹರಟೆ ಬಿಸಾಕುವುದು. ವೈದ್ಯನ ಆ ಮೇ ತಿಂಗಳ ಪತ್ರ ಬಂದಾಗ ನಾನು ಆ ಮೂರು ಚುಕ್ಕಿಯ ಜಾಗದ್ದನ್ನೂ ಓದಿದೆ. ನಿನ್ನೆ ಪೆಂಟಕೋಸ್ಟ್ ಹಬ್ಬ, ಅಡುಗೆಯವಳು ತವರಿಗೆ ಹೋದಳು, ತಣ್ಣಗಿನ ಊಟ ಮಾಡಿ ಹೊಟ್ಟೆ ಕೆಟ್ಟಿತು ಎಂದು ವೈದ್ಯ ಗೋಳು ತೋಡಿಕೊಂಡಿದ್ದ.

“ತಡಿ. ನಿನ್ನೆ ಏನು?” ಎಂದರು ವಿಟ್‌ಫೀಲ್ಡ್.

“ಪೆಂಟಕೋಸ್ಟ್ ಸಾರ್.”

“ಪೆಂಟಕೋಸ್ಟ್ ಯಾವಾಗಲೂ ಭಾನುವಾರ. ಹಾಗಾದರೆ ಪತ್ರ ಬರೆದದ್ದು ಸೋಮವಾರ.” ಪಾದ್ರಿಯ ಮಗನಿಗೆ ಹಬ್ಬಗಳ ಲೆಕ್ಕ ಬಾಯಿಪಾಠ. ಆದರೂ ಕೋಷ್ಟಕ ತರಿಸಿದರು, ನನ್ನ ಕೈಲಿ ಓದಿಸಿದರು, ಇನ್ನೊಮ್ಮೆ ಓದಿಸಿದರು. ವೈದ್ಯ ಹಾಕಿದ್ದ ತಾರೀಖು ಇಟಲಿಯ ಪಂಚಾಂಗದಲ್ಲಿ ಶುಕ್ರವಾರ ಬೀಳುತ್ತಿತ್ತು, ಇಂಗ್ಲೆಂಡಿನದರಲ್ಲಿ ಸರಿಯಾಗಿ ಸೋಮವಾರ. ಅಂದರೆ ಅದು ಇಟಲಿಯ ತಾರೀಖೇ ಅಲ್ಲ. ಇಂಗ್ಲೆಂಡಿನ ಗೆಳೆಯನಿಗೆ ಲೆಕ್ಕ ಹಾಕುವ ತೊಂದರೆ ಬೇಡವೆಂದು ವೈದ್ಯ, ಮರ್ಯಾದೆಗೆ, ಇಂಗ್ಲೆಂಡಿನ ಪಂಚಾಂಗದಲ್ಲಿ ಬರೆದಿದ್ದ. ಕೆಂಪು ಚುಕ್ಕಿ ಹತ್ತು ದಿನ ಮುಂದಕ್ಕೆ, ನೀಲಿಯ ಕಡೆಗೆ, ಸರಿಯಬೇಕು. ಸರಿದರೆ ಎರಡರ ನಡುವೆ ಉಳಿಯುವುದು ಒಂದು ವಾರವೂ ಇಲ್ಲ. ಅಷ್ಟರಲ್ಲಿ ಯಾವ ಅಂಚೆಯೂ ಆಲ್ಪ್ಸ್ ಪರ್ವತ ದಾಟಿ ಇಂಗ್ಲೆಂಡು ಮುಟ್ಟುವುದಿಲ್ಲ. ಪಾದ್ರಿ ಕಳ್ಳನಲ್ಲ.

ಮುದುಕರು ಕುಣಿದಾಡುತ್ತಾರೆ, ಇಟಲಿಗೆ ಇನ್ನೊಂದು ಬೆಂಕಿಯುಂಡೆ ಹೋಗುತ್ತದೆ ಎಂದುಕೊಂಡು ನಾನು ಮೆಲ್ಲಗೆ ಕೀಬೋರ್ಡನ್ನು ನನ್ನ ಕಡೆಗೆ ಎಳೆದುಕೊಂಡೆ. ಅವರು ನಕ್ಕರು. “ಬೇಡ, ಕಾಗದ ತಗೊ,” ಎಂದರು. ಹೇಳಿ ಬರೆಸಿದ್ದು ನಾಲ್ಕೇ ಸಾಲು: ವೈದ್ಯನ ಸೌಜನ್ಯವನ್ನು ನಾನು ಯೌವನದಲ್ಲಿ ಕತ್ತರಿಸಿ ಎಸೆದಿದ್ದೆ. ಈಗ ಸಿಕ್ಕಿತು. ಪ್ರತಿ ಇದರ ಜತೆಗಿದೆ. ನಮ್ಮ ಪಾದ್ರಿಯೂ ಇಂಥದೇನಾದರೂ ಮಾಡಿದ್ದಾನೆಯೇ, ದಯವಿಟ್ಟು ನೋಡಿ.

ಎಷ್ಟೋ ವಾರ ಸುದ್ದಿಯಿಲ್ಲ. ಅಷ್ಟರಲ್ಲಿ ಸ್ಟಾರ್ಟಪ್ಪು ಮುಳುಗಿತು. ಕೂರುವ ಆ ಮೂಟೆಗಳನ್ನು ಬೀದಿಯಲ್ಲಿ ಹರಾಜಿಗಿಟ್ಟರು, ರಘು ಒಂದನ್ನು ಮಗಳಿಗೆಂದು ಕಾರಿನಲ್ಲಿ ತುಂಬಿಕೊಂಡ. ಕಂಪನಿಯಿಂದ ಅವನಿಗೆ ದಕ್ಕಿದ್ದು ಅದೊಂದೇ. ಹೋಗುವ ಮುಂಚೆ ನಮ್ಮ ಪತ್ರಗಳನ್ನೆಲ್ಲ ಡಿಸ್ಕುಗಳಿಗೆ ತುಂಬಿಸಿ ತಂದುಕೊಟ್ಟು, “ಆ ಕೆಂಪು ಚುಕ್ಕಿ ಸರಿ ಮಾಡಿದೀನಿ ಆಂಟಿ. ಅವ್ರಿಗೆ ಹೇಳಿ,” ಅಂದ. ಆಂಟಿ ಅಂದಿದ್ದನ್ನು ಅವತ್ತು ಪೂರ್ತಿ ಕ್ಷಮಿಸಿದೆ.

ಆಮೇಲೆ ಇಟಲಿಯಿಂದ ದಪ್ಪ ಲಕೋಟೆ ಬಂತು. ಈಮೇಲಲ್ಲ, ಕಾಗದ. ದೋನಾತಿಯವರು ಬರೆದಿದ್ದರು: “ನಾನೂ ತರುಣಿಯಾಗಿದ್ದಾಗ ಪಾದ್ರಿಯ ಕೊನೆಯ ವಂದನೆಗಳನ್ನು ವ್ಯರ್ಥವೆಂದು ಬಿಟ್ಟು ನಕಲು ಮಾಡಿದ್ದೆ. ಈಗ ಮೂಲ ತೆಗೆದು ನೋಡಿದೆ. ಪಾದ್ರಿ ಅಲ್ಲಿ, ‘ನೀವು ಬೆರಳು ಮಡಿಸಿ ಎಣಿಸುವುದು ಬೇಡವೆಂದು ನಿಮ್ಮ ದೇಶದ ತಾರೀಖನ್ನೇ ಹಾಕಿದ್ದೇನೆ’ ಎಂದಿದ್ದಾನೆ.” ಅವನ ಪತ್ರಕ್ಕೆ ನಾವು ಹತ್ತು ದಿನ ಕೂಡಿಸಲೇಬಾರದಿತ್ತು. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಡಲು ಹೋಗಿ, ಬಾಗಿಲಲ್ಲಿ ನೀವು ಮೊದಲು ನೀವು ಮೊದಲು ಎಂದು ಡಿಕ್ಕಿ ಹೊಡೆದುಕೊಂಡಿದ್ದರು. ನಿಜವಾಗಿ ಪಾದ್ರಿಯೇ ಕೆಲವು ದಿನ ಮೊದಲು ಬರೆದಿದ್ದ. ಎರಡು ಪತ್ರಗಳೂ ದಾರಿಯಲ್ಲೆಲ್ಲೋ ಒಂದನ್ನೊಂದು ಹಾದುಹೋಗಿವೆ. ಇಬ್ಬರೂ ತಂತಮ್ಮ ಕಿಟಕಿಯಲ್ಲಿ, ತಂತಮ್ಮ ಕಣ್ಣಿನಿಂದಲೇ ಆ ನೊಣವನ್ನು ಕಂಡಿದ್ದರು. ಕೊನೆಯಲ್ಲಿ ಒಂದು ಸಾಲು: “ಉಳಿದ ಕಟ್ಟನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತರುತ್ತೇನೆ.”

ಅವರು ಬರುವ ದಿನ ವಿಟ್‌ಫೀಲ್ಡ್ ಟೈ ಕಟ್ಟಿಕೊಂಡು ಬಂದರು. ಆ ಹೊತ್ತಿಗೆ ಕಣ್ಣಿನ ನಡುಭಾಗ ಪೂರ್ತಿ ಹೋಗಿತ್ತು. ಎದುರಿಗಿರುವುದನ್ನು ನೇರವಾಗಿ ನೋಡಿದರೆ ಏನೂ ಕಾಣದು, ಪಕ್ಕಕ್ಕೆ ದೃಷ್ಟಿ ಹಾಯಿಸಿದರೆ ಮಾತ್ರ ಅಂಚಿನಲ್ಲಿ ಒಂದಿಷ್ಟು ಕಾಣುತ್ತಿತ್ತು. ಇಟಲಿಗೆ ಇದನ್ನು ಹೇಳಲು ಅವರು ಆಗಲೂ ಒಪ್ಪಿರಲಿಲ್ಲ.

ದೋನಾತಿಯವರು ಗಿಡ್ಡನೆಯ, ಬೆಳ್ಳಿಗೂದಲಿನ, ಚುರುಕಾದ ಹೆಂಗಸು. ಕಟ್ಟನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಬಂದರು. ವಿಟ್‌ಫೀಲ್ಡ್ ಎದ್ದು ನಿಂತು ಕೈ ಚಾಚಿದರು, ಮುಖವನ್ನು ಮಾತ್ರ ಕಿಟಕಿಯ ಕಡೆ ತಿರುಗಿಸಿದರು. ಆಕೆ ಅತ್ತ ಸರಿದು ಅವರ ಮುಖದ ಎದುರು ನಿಂತರು. ಇವರು ಇತ್ತ ತಿರುಗಿದರು. ಆಕೆ ಮತ್ತೆ ಇತ್ತ ಬಂದರು, ಇವರು ಮತ್ತೆ ಅತ್ತ. ಆಕೆಯ ಮುಖ ಬಾಡಿತು.

“ಇಷ್ಟು ದೂರ ಬಂದಿದ್ದೇನೆ. ಇನ್ನೂ ನನ್ನ ಮುಖ ನೋಡದಷ್ಟು ಕೋಪವೇ?” ಎಂದರು ನನ್ನ ಕಡೆ ತಿರುಗಿ.

ಯಾರಿಗೂ ಹೇಳಬೇಡ ಎಂದಿದ್ದ ಮಾತನ್ನು ಹೇಳಿಬಿಟ್ಟೆ. “ಕೋಪ ಅಲ್ಲ ಮೇಡಂ. ಅವರ ಕಣ್ಣು ಹೀಗೇ. ನಿಮ್ಮ ಮುಖ ನೋಡಲಿಕ್ಕೇ ಅವರು ಆ ಕಡೆ ತಿರುಗುತ್ತಿರುವುದು.”

ಆಕೆ ನಿಂತಲ್ಲೇ ಕಣ್ಣೊರೆಸಿಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಕಟ್ಟಿನ ದಾರ ಬಿಚ್ಚಿದರು. “ಸರಿ, ಹಾಗೇ ತಿರುಗಿಕೊಂಡಿರಿ. ನಾನು ಇಲ್ಲಿಂದ ಅಲುಗಾಡುವುದಿಲ್ಲ,” ಎಂದು ಮೊದಲನೆಯ ಪತ್ರವನ್ನು ಗಟ್ಟಿಯಾಗಿ ಓದತೊಡಗಿದರು.